ನೆಲದಡಿ ಇಂಗಾಲದ ಡೈಆಕ್ಸೈಡ್ ತುಂಬುವ ಬಾವಿ: ಅಮೆರಿಕದ ರಾಜ್ಯಗಳ ಪರವಾನಗಿ ಫೈಲನ್ನು ಓದುವುದು ಹೇಗೆ?

ಕಾರ್ಖಾನೆಯಿಂದ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಒತ್ತಿ, ಒಂದೆರಡು ಕಿಲೋಮೀಟರ್ ಆಳದ ಬಂಡೆಯೊಳಗೆ ತುಂಬುವ ಬಾವಿಗೆ ಅಮೆರಿಕದಲ್ಲಿ ಪರವಾನಗಿ ಬೇಕು. ಆ ಅರ್ಜಿಯ ಬಹುಪಾಲು ಸಾರ್ವಜನಿಕ, ಯಾರು ಬೇಕಾದರೂ ಓದಬಹುದು. ತೊಂದರೆ ಏನಪ್ಪಾ ಅಂದರೆ ಅದು ಸಾವಿರಾರು ಪುಟ ಇರುತ್ತದೆ. ಮೊದಲ ಸಲ ಒಂದನ್ನು ತೆರೆದಾಗ ನಾನು ಒಂದನೇ ಪುಟದಿಂದ ಶುರು ಮಾಡಿದೆ. ಆ ಬಂಡೆ ಯಾವ ಕಾಲದಲ್ಲಿ ಯಾವ ಸಮುದ್ರದ ತಳದಲ್ಲಿ ಹುಟ್ಟಿತು ಎನ್ನುವ ಕಥೆಯೇ ನೂರು ಪುಟ. ತಲೆ ಕೆಟ್ಟು ಮುಚ್ಚಿಟ್ಟೆ.

ಆಮೇಲೆ ಗೊತ್ತಾಯಿತು, ಇದನ್ನು ಓದುವ ದಾರಿಯೇ ಬೇರೆ. ಬಾವಿ ಹೇಗಿರಬೇಕು, ಎಷ್ಟು ಒತ್ತಡ, ಎಷ್ಟು ಸಿಮೆಂಟ್ ಎನ್ನುವ ತಾಂತ್ರಿಕ ನಿಯಮಗಳು ದೇಶವಿಡೀ ಹೆಚ್ಚುಕಡಿಮೆ ಒಂದೇ. ರಾಜ್ಯದಿಂದ ರಾಜ್ಯಕ್ಕೆ ನಿಜವಾಗಿ ಬದಲಾಗುವುದು ಮೂರು ವಿಷಯ: ಆ ಆಳದ ಜಾಗ ಯಾರದು, ಎಷ್ಟು ಜನ ಒಪ್ಪಿದರೆ ಸಾಕು, ಎಲ್ಲ ಮುಗಿದ ಮೇಲೆ ಹೊಣೆ ಯಾರ ತಲೆಗೆ. ಮೊದಲು ಇವನ್ನು ನೋಡಿ. ಬಂಡೆ ಎಲ್ಲೂ ಓಡಿಹೋಗುವುದಿಲ್ಲ, ನಿಧಾನಕ್ಕೆ ಓದಿದರಾಯಿತು.

ಆ ರಾಜ್ಯಗಳಲ್ಲಿ ಜಮೀನಿದ್ದು ಲೀಸ್ ಕೇಳಿಕೊಂಡು ಯಾರಾದರೂ ಬಂದವರಿಗೆ, ಈ ಕ್ಷೇತ್ರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಸುಮ್ನೆ ಕುತೂಹಲ ಇರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಶುರು ಮಾಡುವ ಮುನ್ನ: ಕೆಳಗೆ ಏನಾಗುತ್ತದೆ

ಇಂಗಾಲದ ಡೈಆಕ್ಸೈಡ್ 31 ಡಿಗ್ರಿ ಸೆಲ್ಸಿಯಸ್ ದಾಟಿ, ಒತ್ತಡ 74 ಬಾರ್ ಹತ್ತಿರ ಬಂದರೆ ಒಂದು ವಿಚಿತ್ರ ಸ್ಥಿತಿಗೆ ಹೋಗುತ್ತದೆ. ದ್ರವದಷ್ಟು ದಟ್ಟ, ಆದರೆ ಅನಿಲದ ಹಾಗೆ ಸಂದಿಗೊಂದಿಗೆಲ್ಲ ಹರಡುತ್ತದೆ. ಸುಮಾರು 800 ಮೀಟರ್ ಕೆಳಗೆ ಹೋದರೆ ಭೂಮಿಯ ಬಿಸಿ ಮತ್ತು ಒತ್ತಡವೇ ಅದನ್ನು ಆ ಸ್ಥಿತಿಯಲ್ಲಿ ಇಡುತ್ತವೆ. ಅದಕ್ಕೇ ಈ ಬಾವಿಗಳೆಲ್ಲ ಅದಕ್ಕಿಂತ ಆಳ.

ಕೆಳಗೆ ದೊಡ್ಡ ಗುಹೆ ಇರುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ. ಅಲ್ಲಿರುವುದು ಮರಳುಗಲ್ಲು, ಅದರ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ ಉಪ್ಪುನೀರು. ಆ ನೀರನ್ನು ಪಕ್ಕಕ್ಕೆ ತಳ್ಳಿ ಅನಿಲ ಜಾಗ ಮಾಡಿಕೊಳ್ಳುತ್ತದೆ. ಆದರೆ ಅದು ಉಪ್ಪುನೀರಿಗಿಂತ ಹಗುರ. ಮೇಲೇಳಲು ನೋಡುತ್ತಲೇ ಇರುತ್ತದೆ. ತಡೆಯುವುದು ಮೇಲಿನ ಜೇಡಿಗಲ್ಲಿನ ಗಟ್ಟಿ ಪದರ. ಅದನ್ನು ಮುಚ್ಚಳ ಬಂಡೆ ಎನ್ನೋಣ. ಈ ಫೈಲಿನ ತಾಂತ್ರಿಕ ಭಾಗವೆಲ್ಲ ಕೇಳುವ ಪ್ರಶ್ನೆ ಒಂದೇ: ಆ ಮುಚ್ಚಳದಲ್ಲಿ ತೂತು ಇದೆಯಾ, ಮುಂದೆ ಆಗುತ್ತದಾ?

ಹೆಜ್ಜೆ 1: ಪರವಾನಗಿ ಯಾರ ಕೈಯಲ್ಲಿದೆ ನೋಡಿ

ಇದರ ಬೇರು 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ. ಹೌದು, ಹವಾಮಾನದ ಕಾಯ್ದೆ ಅಲ್ಲ, ನೀರಿನ ಕಾಯ್ದೆ. ನೆಲದೊಳಗೆ ಏನನ್ನೇ ತುಂಬಿದರೂ ಕುಡಿಯುವ ನೀರು ಕೆಡಬಾರದು ಎನ್ನುವುದು ಅದರ ಲೆಕ್ಕ. ತುಂಬುವ ಬಾವಿಗಳನ್ನು ಅದರಡಿ ಆರು ವರ್ಗ ಮಾಡಿದ್ದಾರೆ. ತೈಲ ಹೊಲಗಳದ್ದು ಕ್ಲಾಸ್ 2. ಇಂಗಾಲದ ಡೈಆಕ್ಸೈಡನ್ನು ಶಾಶ್ವತವಾಗಿ ಇಡುವ ಬಾವಿ ಕ್ಲಾಸ್ 6. ಈ ಆರನೇ ವರ್ಗವನ್ನು ಕೇಂದ್ರದ ಪರಿಸರ ಸಂಸ್ಥೆ ಇಪಿಎ 2010ರ ಡಿಸೆಂಬರಿನಲ್ಲಿ ತಂದಿತು.

ಸಾಮಾನ್ಯವಾಗಿ ಪರವಾನಗಿ ಕೊಡುವುದು ಇಪಿಎ. ಆದರೆ ರಾಜ್ಯವೊಂದು ತನ್ನ ನಿಯಮಗಳು ಕೇಂದ್ರದಷ್ಟೇ ಬಿಗಿ ಇವೆ, ನೋಡಿಕೊಳ್ಳಲು ಜನ ಇದ್ದಾರೆ ಎಂದು ತೋರಿಸಿದರೆ ಅಧಿಕಾರ ಅದಕ್ಕೆ ಹೋಗುತ್ತದೆ. ಇದನ್ನು ಪ್ರೈಮಸಿ ಎನ್ನುತ್ತಾರೆ. ಕ್ಲಾಸ್ 6ಕ್ಕೆ ಮೊದಲು ಪಡೆದದ್ದು ನಾರ್ತ್ ಡಕೋಟ, 2018ರಲ್ಲಿ. ಆಮೇಲೆ 2020ರಲ್ಲಿ ವಯೋಮಿಂಗ್. ಲೂಯಿಸಿಯಾನದ್ದು 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 2025ರಲ್ಲಿ ವೆಸ್ಟ್ ವರ್ಜೀನಿಯಾ, ಅರಿಜೋನಾ, ಟೆಕ್ಸಸ್. ಉಳಿದ ಕಡೆ, ಉದಾಹರಣೆಗೆ ಇಲಿನಾಯ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ, ಫೈಲ್ ಇಪಿಎ ಬಳಿಯೇ ಇರುತ್ತದೆ. ಪಟ್ಟಿ ಬೆಳೆಯುತ್ತಲೇ ಇದೆ, ಹಾಗಾಗಿ ಇಪಿಎ ಜಾಲತಾಣದ ಪ್ರೈಮಸಿ ಪುಟವನ್ನು ಒಮ್ಮೆ ನೋಡಿಕೊಂಡೇ ಮುಂದೆ ಹೋಗಿ.

ರಾಜ್ಯದ ಯಾವ ಇಲಾಖೆ ಎಂಬುದೂ ಮುಖ್ಯ. ವಯೋಮಿಂಗ್‌ನಲ್ಲಿ ಪರಿಸರ ಇಲಾಖೆ. ನಾರ್ತ್ ಡಕೋಟದಲ್ಲಿ ತೈಲ ಬಾವಿಗಳನ್ನು ನೋಡಿಕೊಳ್ಳುವ ಇಂಡಸ್ಟ್ರಿಯಲ್ ಕಮಿಷನ್. ಟೆಕ್ಸಸ್‌ನಲ್ಲಿ ರೈಲ್‌ರೋಡ್ ಕಮಿಷನ್. ಈ ಕಮಿಷನ್ನಿಗೂ ರೈಲಿಗೂ ಈಗ ಏನೇನೂ ಸಂಬಂಧ ಇಲ್ಲ, ಹಳೇ ಹೆಸರು ಹಾಗೇ ಉಳಿದುಕೊಂಡಿದೆ. ಗೊತ್ತಿಲ್ಲದೆ ಬೇರೆ ಕಡೆ ಹುಡುಕುತ್ತಾ ಕೂರಬೇಡಿ.

ಪ್ರೈಮಸಿ ಸಿಕ್ಕಿತು ಅಂದರೆ ನಿಯಮ ಸಡಿಲ ಆಯಿತು ಎಂದು ವಿರೋಧಿಗಳು ಹೇಳುತ್ತಾರೆ, ಕೆಲಸ ಬೇಗ ಆಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಎರಡನೆಯದು ನಿಜ. ಇಪಿಎ ಒಂದು ಅರ್ಜಿಗೆ ಇಟ್ಟುಕೊಂಡ ಗುರಿಯೇ ಸುಮಾರು ಎರಡು ವರ್ಷ, ನಾರ್ತ್ ಡಕೋಟದಲ್ಲಿ ಒಂದು ವರ್ಷದೊಳಗೇ ಮುಗಿದ ಅರ್ಜಿಗಳಿವೆ. ಮೊದಲನೆಯದು ಅಷ್ಟು ಸರಳ ಅಲ್ಲ. ಕೇಂದ್ರದ ನಿಯಮಕ್ಕಿಂತ ಕೆಳಗೆ ಇಳಿಯಲು ರಾಜ್ಯಕ್ಕೆ ಅಧಿಕಾರ ಇಲ್ಲ. ನನ್ನನ್ನು ಕೇಳಿದರೆ ಸಡಿಲ ಆಗುವುದು ನಿಯಮದಲ್ಲಿ ಅಲ್ಲ, ಫೈಲ್ ಓದುವ ಜನ ಎಷ್ಟಿದ್ದಾರೆ ಎನ್ನುವುದರಲ್ಲಿ.

ಹೆಜ್ಜೆ 2: ಆ ರಂಧ್ರಗಳು ಯಾರವು?

ಅಮೆರಿಕದಲ್ಲಿ ಜಮೀನಿನ ಮೇಲ್ಮೈ ಒಬ್ಬರದ್ದು, ಕೆಳಗಿನ ಖನಿಜ ಇನ್ನೊಬ್ಬರದ್ದು ಆಗಿರಬಹುದು. ಅಜ್ಜ ಜಮೀನು ಮಾರುವಾಗ ಖನಿಜದ ಹಕ್ಕು ಉಳಿಸಿಕೊಂಡಿರುತ್ತಾನೆ, ಹಾಗೆ. ಈಗ ಮೂರನೆಯದೊಂದು ಬಂತು: ಬಂಡೆಯ ರಂಧ್ರಗಳ ಜಾಗ, ಅವರ ಮಾತಿನಲ್ಲಿ ಪೋರ್ ಸ್ಪೇಸ್. ಇಷ್ಟು ದಿನ ಅದಕ್ಕೆ ಬೆಲೆಯೇ ಇರಲಿಲ್ಲ, ಹಾಗಾಗಿ ಯಾರೂ ಕೇಳಿರಲಿಲ್ಲ.

ವಯೋಮಿಂಗ್ 2008ರಲ್ಲಿ ಕಾನೂನು ಮಾಡಿ ಅದು ಮೇಲ್ಮೈ ಮಾಲೀಕನದ್ದು ಎಂದಿತು. ನಾರ್ತ್ ಡಕೋಟ 2009ರಲ್ಲಿ ಅದನ್ನೇ ಹೇಳಿತು, ಜೊತೆಗೆ ಇನ್ನೊಂದು ಗಂಟು ಹಾಕಿತು: ರಂಧ್ರದ ಹಕ್ಕನ್ನು ಮೇಲ್ಮೈಯಿಂದ ಬೇರ್ಪಡಿಸಿ ಮಾರುವಂತಿಲ್ಲ. ವಯೋಮಿಂಗ್‌ನಲ್ಲಿ ಬೇರ್ಪಡಿಸಿ ಮಾರಬಹುದು. ಈ ಒಂದು ವ್ಯತ್ಯಾಸದಿಂದ ಏನಾಗುತ್ತದೆ ನೋಡಿ. ವಯೋಮಿಂಗ್‌ನಲ್ಲಿ ನೀವು ಜಮೀನು ಕೊಂಡಿದ್ದರೆ, ಹಿಂದಿನ ಮಾಲೀಕ ಪೋರ್ ಸ್ಪೇಸ್ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನಾ ಎಂದು ಕ್ರಯಪತ್ರದಲ್ಲಿ ಹುಡುಕಬೇಕು. ನಾರ್ತ್ ಡಕೋಟದಲ್ಲಿ ಆ ತಲೆನೋವು ಕಡಿಮೆ.

ಟೆಕ್ಸಸ್‌ನದು ಕೋರ್ಟಿನ ದಾರಿ. ಉಪ್ಪು ತೆಗೆದ ಮೇಲೆ ಉಳಿದ ಖಾಲಿ ಗುಹೆ ಯಾರದು ಎನ್ನುವ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮೇಲ್ಮೈ ಮಾಲೀಕನ ಪರ ತೀರ್ಪು ಕೊಟ್ಟಿತು. ಅದು ಉಪ್ಪಿನ ಮೊಕದ್ದಮೆ, ಆದರೂ ಇಂಗಾಲದ ಲೀಸ್ ಬರೆಯುವ ವಕೀಲರೆಲ್ಲ ಓದಿಕೊಂಡಿದ್ದಾರೆ.

ಲೀಸ್ ಬರೆಸಿಕೊಳ್ಳಲು ಮನೆಗೆ ಬರುವ ಕಂಪನಿಯ ಏಜೆಂಟನ್ನು ಲ್ಯಾಂಡ್‌ಮ್ಯಾನ್ ಎನ್ನುತ್ತಾರೆ. ಆತ ಒಳ್ಳೆಯವನೇ ಇರಬಹುದು, ಆದರೆ ಸಂಬಳ ಕೊಡುವವರು ಕಂಪನಿಯವರು ಅಲ್ವಾ? ಅವನ ಕಾಗದದಲ್ಲಿ ಮೂರು ಸಾಲು ಹುಡುಕಿ. ಹಣ ಎಕರೆ ಲೆಕ್ಕವೋ, ತುಂಬಿದ ಟನ್ನಿನ ಲೆಕ್ಕವೋ. ಎಷ್ಟು ಆಳದಿಂದ ಎಷ್ಟು ಆಳದವರೆಗೆ ಕೊಡುತ್ತಿದ್ದೀರಿ, ಇಲ್ಲಾ ಪಾತಾಳದವರೆಗೂ ಬರೆದುಕೊಡುತ್ತಿದ್ದೀರಾ. ತುಂಬುವುದು ಶುರುವಾಗದೇ ಇದ್ದರೆ ಎಷ್ಟು ವರ್ಷಕ್ಕೆ ಲೀಸ್ ಬಿದ್ದುಹೋಗುತ್ತದೆ. ಸಹಿ ಹಾಕುವ ಮುನ್ನ ತೈಲ, ಅನಿಲದ ಲೀಸ್ ನೋಡಿ ಪಳಗಿದ ವಕೀಲರಿಗೆ ಒಮ್ಮೆ ತೋರಿಸಿ.

ಹೆಜ್ಜೆ 3: ನೀವು ಒಲ್ಲೆ ಅಂದರೆ?

ಅನಿಲಕ್ಕೆ ಬೇಲಿ ಗೊತ್ತಾಗುವುದಿಲ್ಲ. ಒಬ್ಬರ ಜಮೀನಿನಲ್ಲಿ ತುಂಬಿದ್ದು ಹತ್ತು ಜನರ ಜಮೀನಿನಡಿ ಹರಡುತ್ತದೆ. ಒಬ್ಬರು ಒಪ್ಪದಿದ್ದರೆ ಇಡೀ ಯೋಜನೆ ನಿಲ್ಲಬೇಕಾ? ಕೆಲವು ರಾಜ್ಯಗಳು ಇಲ್ಲ ಎಂದಿವೆ. ನಾರ್ತ್ ಡಕೋಟದಲ್ಲಿ ರಂಧ್ರ ಜಾಗದ ಕನಿಷ್ಠ 60 ಶೇಕಡಾ ಮಾಲೀಕತ್ವ ಇರುವವರು ಒಪ್ಪಿದರೆ ಉಳಿದವರ ಜಾಗವನ್ನೂ ಸೇರಿಸಿಬಿಡಲು ಕಮಿಷನ್ನಿಗೆ ಅಧಿಕಾರ ಇದೆ. ಒಪ್ಪದವರಿಗೆ ನ್ಯಾಯವಾದ ಪರಿಹಾರ ಸಿಗಬೇಕು, ಅಷ್ಟೇ. ಇಲಿನಾಯ್ 2024ರ ಕಾನೂನಿನಲ್ಲಿ ಇದನ್ನು 75 ಶೇಕಡಾಗೆ ಇಟ್ಟಿತು.

ಇಲ್ಲಿ ಒಂದು ಮಾತು ಗಮನಿಸಿ. 60 ಶೇಕಡಾ ಎಂದರೆ ಜನರಲ್ಲಿ ಅಲ್ಲ, ಜಾಗದಲ್ಲಿ. ಇಬ್ಬರು ದೊಡ್ಡ ಜಮೀನ್ದಾರರು ಒಪ್ಪಿದರೆ ಮೂವತ್ತು ಸಣ್ಣ ರೈತರ ಮಾತು ನಡೆಯದೇ ಹೋಗಬಹುದು. ಇದು ಆಸ್ತಿಯನ್ನು ಕಸಿದ ಹಾಗೆ ಎಂದು ನಾರ್ತ್ ಡಕೋಟದ ಜಮೀನು ಮಾಲೀಕರು ಕೋರ್ಟ್ ಮೆಟ್ಟಿಲೇರಿದ್ದೂ ಇದೇ ಕಾರಣಕ್ಕೆ. ಫೈಲಿನಲ್ಲಿ ಒಪ್ಪಿದವರ ಮತ್ತು ಒಪ್ಪದವರ ಜಮೀನಿನ ನಕ್ಷೆ ಇರುತ್ತದೆ. ಬಣ್ಣ ಹಾಕಿದ ಚೌಕಗಳು. ಅದನ್ನು ಅರ್ಧ ಗಂಟೆ ನೋಡಿ, ಊರಿನ ರಾಜಕೀಯ ಪೂರ್ತಿ ಅರ್ಥ ಆಗುತ್ತದೆ.

ಹೆಜ್ಜೆ 4: ಕಂಪನಿ ಹೋದ ಮೇಲೆ

ಕೇಂದ್ರದ ನಿಯಮದಲ್ಲಿ ತುಂಬುವುದು ನಿಂತ ಮೇಲೆ 50 ವರ್ಷ ಕಂಪನಿ ನಿಗಾ ಇಡಬೇಕು. ಇದು ಮಾಮೂಲು ಅವಧಿ. ಅನಿಲ ಒಂದೆಡೆ ನೆಲೆ ನಿಂತಿದೆ, ನೀರಿಗೆ ಅಪಾಯ ಇಲ್ಲ ಎಂದು ಲೆಕ್ಕ ತೋರಿಸಿದರೆ ಕಡಿಮೆಯೂ ಆಗಬಹುದು. ಆದರೆ ಹೊಣೆಯನ್ನೇ ಸರಕಾರಕ್ಕೆ ದಾಟಿಸುವ ಅಧಿಕಾರ ಆ ಕೇಂದ್ರ ಕಾಯ್ದೆಯಲ್ಲಿ ಇಲ್ಲ. ಆ ಬಾಗಿಲು ತೆರೆದದ್ದು ರಾಜ್ಯಗಳು.

ನಾರ್ತ್ ಡಕೋಟದಲ್ಲಿ ತುಂಬುವುದು ನಿಂತು ಕನಿಷ್ಠ 10 ವರ್ಷ ಆದ ಮೇಲೆ, ಷರತ್ತು ಪೂರೈಸಿದರೆ, ಯೋಜನೆ ಮುಗಿದ ಪ್ರಮಾಣಪತ್ರ ಕೊಡುತ್ತಾರೆ. ಅವತ್ತಿನಿಂದ ಕೆಳಗಿನ ಅನಿಲವೂ ರಾಜ್ಯದ್ದು, ಹೊಣೆಯೂ ರಾಜ್ಯದ್ದು. ವಯೋಮಿಂಗ್‌ನಲ್ಲಿ ಕನಿಷ್ಠ 20 ವರ್ಷ. ಲೂಯಿಸಿಯಾನದಲ್ಲಿ ಮೊದಲು 10 ಇದ್ದದ್ದನ್ನು 2023ರಲ್ಲಿ 50ಕ್ಕೆ ಏರಿಸಿದರು. ಇಲಿನಾಯ್ ಮಾತ್ರ ಈ ಗೋಜಿಗೇ ಹೋಗಲಿಲ್ಲ, ಹೊಣೆ ಕಂಪನಿಯ ಮೇಲೇ ಇಟ್ಟಿತು.

ಹಾಗೆ ಹೊತ್ತುಕೊಂಡ ಹೊಣೆಗೆ ದುಡ್ಡು ಎಲ್ಲಿಂದ? ಹೊಣೆ ಹೊರುವ ರಾಜ್ಯಗಳು ಕಂಪನಿಯಿಂದ ಶುಲ್ಕ ತೆಗೆದುಕೊಂಡು ಒಂದು ನಿಧಿಗೆ ಹಾಕುತ್ತವೆ, ನಾರ್ತ್ ಡಕೋಟದಲ್ಲಿ ಅದು ತುಂಬಿದ ಟನ್ನಿನ ಲೆಕ್ಕದಲ್ಲಿ. ಆ ನಿಧಿಯಲ್ಲಿ ಈಗ ಎಷ್ಟಿದೆ ಎಂದು ಇಲಾಖೆಗೆ ಒಂದು ಇಮೇಲ್ ಹಾಕಿ ಕೇಳಿ. ನಾನಂತೂ ಯಾವ ರಾಜ್ಯದ ಫೈಲ್ ತೆರೆದರೂ ಮೊದಲು ಇದೇ ಪ್ರಶ್ನೆ ಕೇಳುತ್ತೇನೆ, ಏಕೆಂದರೆ ನಿಧಿ ಸಾಲದೆ ಹೋದರೆ ಉಳಿದದ್ದು ತೆರಿಗೆ ಕಟ್ಟುವವರ ಜೇಬಿಗೇ ಬರುತ್ತದೆ.

ಹೆಜ್ಜೆ 5: ನಕ್ಷೆ ಮತ್ತು ಹಳೇ ಬಾವಿಗಳ ಪಟ್ಟಿ

ಈಗ ತಾಂತ್ರಿಕ ಭಾಗ. ಒಂದೇ ಅಧ್ಯಾಯ ಓದಲು ಸಮಯ ಇದ್ದರೆ ಪರಿಶೀಲನಾ ವ್ಯಾಪ್ತಿಯ ಅಧ್ಯಾಯ ಓದಿ. ಎಓಆರ್ ಎಂದು ಬರೆದಿರುತ್ತಾರೆ.

ಹಳೆಯ ವರ್ಗದ ಬಾವಿಗಳಿಗೆ ಸುತ್ತ ಕಾಲು ಮೈಲಿಯ ವೃತ್ತ ಎಳೆದು ಅಷ್ಟೇ ನೋಡಿ ಮುಗಿಸುವುದು ಮಾಮೂಲು. ಕ್ಲಾಸ್ 6ರಲ್ಲಿ ಹಾಗಿಲ್ಲ. ಕಂಪ್ಯೂಟರ್ ಮಾದರಿ ಮಾಡಿ ಎರಡು ಗಡಿ ತೋರಿಸಬೇಕು. ಒಂದು, ಅನಿಲ ಎಲ್ಲಿಯವರೆಗೆ ಹರಡುತ್ತದೆ. ಇನ್ನೊಂದು, ಒತ್ತಡ ಎಲ್ಲಿಯವರೆಗೆ ಏರುತ್ತದೆ. ಈ ಎರಡನೆಯದನ್ನು ಜನ ಮರೆಯುತ್ತಾರೆ, ಸಾಮಾನ್ಯವಾಗಿ ಅದೇ ಜಾಸ್ತಿ ದೂರ ಹೋಗುವುದು. ಅನಿಲ ತಲುಪದ ಜಾಗದಲ್ಲೂ ಒತ್ತಡ ಏರಿದರೆ, ಅಲ್ಲೊಂದು ಮುಚ್ಚದ ಹಳೇ ಬಾವಿ ಇದ್ದರೆ, ಅದರ ಮೂಲಕ ಉಪ್ಪುನೀರು ಮೇಲೆ ಹತ್ತಿ ಸಿಹಿನೀರಿಗೆ ಸೇರಬಹುದು. ಹತ್ತು ಮೈಲಿ ದೂರ ಇದ್ದೀನಿ, ನನಗೇನು ಎಂದುಕೊಳ್ಳುವ ಮುನ್ನ ಈ ಒತ್ತಡದ ಗೆರೆ ಎಲ್ಲಿದೆ ನೋಡಿ.

ನಕ್ಷೆಯ ಹಿಂದೆಯೇ ಆ ವ್ಯಾಪ್ತಿಯೊಳಗಿನ ಎಲ್ಲಾ ಬಾವಿಗಳ ಪಟ್ಟಿ ಇರುತ್ತದೆ. ನೀರಿನದ್ದು, ತೈಲದ್ದು, ಅನಿಲದ್ದು. ಒಮ್ಮೊಮ್ಮೆ ನೂರಾರು ಸಾಲು. ಹೆದರಬೇಡಿ, ಮೂರೇ ಕಾಲಂ ಸಾಕು: ಒಟ್ಟು ಆಳ, ಮುಚ್ಚಿದ ವರ್ಷ, ಸಿಮೆಂಟ್ ಪ್ಲಗ್ ಎಷ್ಟು ಅಡಿಯಲ್ಲಿದೆ.

ಒಂದು ಲೆಕ್ಕ ಮಾಡಿ ನೋಡೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಅನಿಲ ತುಂಬುವ ಮರಳುಗಲ್ಲು 6,500 ಅಡಿಯಲ್ಲಿದೆ, ಮುಚ್ಚಳ ಬಂಡೆ 6,000ದಿಂದ 6,500 ಅಡಿ. ಪಟ್ಟಿಯ ಮೊದಲ ಬಾವಿ 300 ಅಡಿ, ಮನೆಯ ನೀರಿನದ್ದು. ಮುಚ್ಚಳದ ಹತ್ತಿರಕ್ಕೂ ಹೋಗಿಲ್ಲ, ಬಿಡಿ. ಎರಡನೆಯದು 4,200 ಅಡಿಯ ತೈಲ ಬಾವಿ. ಅದೂ ಮುಟ್ಟಿಲ್ಲ, ಬಿಡಿ. ಮೂರನೆಯದು 7,100 ಅಡಿ, 1948ರಲ್ಲಿ ಕೊರೆದು ತೈಲ ಸಿಗಲಿಲ್ಲ ಎಂದು ಕೈಬಿಟ್ಟದ್ದು, ಪ್ಲಗ್ 900 ಅಡಿಯಲ್ಲಿ ಒಂದೇ. ಇಲ್ಲಿ ನಿಲ್ಲಿ! ಈ ಬಾವಿ ಮುಚ್ಚಳವನ್ನು ತೂತು ಮಾಡಿಕೊಂಡು ಹೋಗಿದೆ, ಆ ತೂತಿನ ಜಾಗದಲ್ಲಿ ಸಿಮೆಂಟ್ ಇಲ್ಲ. ಇಂಥದ್ದನ್ನು ಮತ್ತೆ ತೆರೆದು, ಸರಿಯಾದ ಆಳದಲ್ಲಿ ಸಿಮೆಂಟ್ ಹಾಕಿ ಮುಚ್ಚಬೇಕು. ನಿಯಮದಲ್ಲಿ ಇದಕ್ಕೆ ಸರಿಪಡಿಸುವ ಕ್ರಮ ಎಂದೇ ಹೆಸರು. ಆ ಸಾಲಿನ ಮುಂದೆ ಯಾವಾಗ ಸರಿಪಡಿಸುತ್ತಾರೆ ಎಂದು ಬರೆದಿದೆಯಾ? ಇಲ್ಲದಿದ್ದರೆ ನಿಮ್ಮ ಮೊದಲ ಪ್ರಶ್ನೆ ಸಿಕ್ಕಿತು.

ಪಟ್ಟಿಯಲ್ಲಿ ಇಲ್ಲದ ಬಾವಿಗಳದ್ದು ಇನ್ನೂ ದೊಡ್ಡ ಚಿಂತೆ. ಅಮೆರಿಕದಲ್ಲಿ ತೈಲಕ್ಕೆ ಕೊರೆಯುವುದು ಶುರುವಾದದ್ದು 1859ರಲ್ಲಿ, ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ. ದಾಖಲೆ ಇಡಬೇಕು ಎಂಬ ನಿಯಮ ಎಷ್ಟೋ ಕಡೆ ದಶಕಗಳ ನಂತರ ಬಂತು. ಅಲ್ಲಿಯವರೆಗೆ ಮರದ ದಿಮ್ಮಿ, ಕಲ್ಲು, ಕೈಗೆ ಸಿಕ್ಕಿದ್ದು ತುರುಕಿ ಮುಚ್ಚಿದವರಿದ್ದಾರೆ, ಕೇಸಿಂಗ್ ಪೈಪನ್ನೇ ಕಿತ್ತು ಗುಜರಿಗೆ ಹಾಕಿದವರೂ ಇದ್ದಾರೆ. ನೆಲದಡಿಯ ಕಬ್ಬಿಣವನ್ನು ಅಯಸ್ಕಾಂತ ಮಾಪಕದಿಂದ ಹುಡುಕಬಹುದು, ಆದರೆ ಕೇಸಿಂಗ್ ಕಿತ್ತ ಬಾವಿ ಅದಕ್ಕೂ ಸಿಗುವುದಿಲ್ಲ. ಇಲ್ಲಿ ಊರಿನ ಹಿರಿಯರ ನೆನಪು ಕೆಲಸಕ್ಕೆ ಬರುತ್ತದೆ. ಮೇಯುವ ಜಾಗದಲ್ಲಿ ತುಕ್ಕು ಹಿಡಿದ ಪೈಪಿನ ತುದಿ ಕಂಡದ್ದು, ಅಜ್ಜ ಇಲ್ಲಿ ಕೊರೆಸಿದ್ದ ಎನ್ನುವ ಮಾತು, ಹಳೇ ಫೋಟೋ ಇವನ್ನೆಲ್ಲ ಜಾಗದ ಗುರುತಿನ ಸಮೇತ ಬರೆದು ಕಳಿಸಿ. ಕಂಪ್ಯೂಟರ್ ಮಾದರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರುವುದು ಇದೊಂದೇ ಕಡೆ.

ಹೆಜ್ಜೆ 6: ಸಿಹಿನೀರಿನ ಗೆರೆ, ಸಿಮೆಂಟ್, ಒತ್ತಡ

ಕಾನೂನು ಕಾಯುವ ನೀರು ನೀವು ಕುಡಿಯುವ ನೀರಷ್ಟೇ ಅಲ್ಲ. ಲೀಟರಿಗೆ 10,000 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ಅಂತರ್ಜಲಕ್ಕೆಲ್ಲ ರಕ್ಷಣೆ ಇದೆ, ಅಂದರೆ ಬಾಯಿಗೆ ಹಾಕಿಕೊಂಡರೆ ಉಗಿಯುವಷ್ಟು ಉಪ್ಪಿರುವ ನೀರಿಗೂ. ಮುಂದೆ ಶುದ್ಧ ಮಾಡಿ ಬಳಸಬೇಕಾಗಬಹುದು ಎನ್ನುವ ಲೆಕ್ಕ ಅದು. ಆ ನೀರಿನ ಅತಿ ಆಳದ ಪದರ ಎಷ್ಟು ಅಡಿಯಲ್ಲಿದೆ ಎಂದು ಫೈಲಿನಲ್ಲಿ ಹುಡುಕಿ. ಅದನ್ನು ದಾಟುವವರೆಗೆ ಹೊರಗಿನ ಕೇಸಿಂಗ್ ಇರಬೇಕು, ಅದರ ಸುತ್ತ ನೆಲದ ಮೇಲಿನವರೆಗೂ ಸಿಮೆಂಟ್ ಇರಬೇಕು. ಒಳಗಿನ ಉದ್ದದ ಕೇಸಿಂಗ್ ಅನಿಲ ತುಂಬುವ ಬಂಡೆಯವರೆಗೂ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನ ಜೊತೆ ಸೇರಿದರೆ ಆಮ್ಲ ಆಗುತ್ತದೆ. ಸಾದಾ ಸಿಮೆಂಟನ್ನೂ ಸಾದಾ ಉಕ್ಕನ್ನೂ ಅದು ತಿನ್ನುತ್ತದೆ. ಅದಕ್ಕೆ ಯಾವ ಸಿಮೆಂಟ್, ಯಾವ ಉಕ್ಕು, ಯಾವ ಆಳದಲ್ಲಿ ಎಂದು ಬರೆದೇ ಇರಬೇಕು.

ಒತ್ತಡದ ನಿಯಮ ಸರಳ: ಬಂಡೆ ಬಿರುಕು ಬಿಡುವ ಒತ್ತಡದ 90 ಶೇಕಡಾ ಮೀರುವಂತಿಲ್ಲ. ಪ್ರತಿ ಅಡಿಗೆ 0.7 ಪಿಎಸ್‌ಐನಲ್ಲಿ ಬಿರುಕು ಬಿಡುತ್ತದೆ ಅಂದುಕೊಳ್ಳಿ. 6,500 ಅಡಿಗೆ 4,550 ಪಿಎಸ್‌ಐ. ಅದರ 90 ಶೇಕಡಾ 4,095. ಈಗ ಆ 0.7 ಎಲ್ಲಿಂದ ಬಂತು ನೋಡಿ. ಅದೇ ಜಾಗದಲ್ಲಿ ಕೊರೆದು ಅಳೆದದ್ದಾ, ಇಲ್ಲಾ ನಲವತ್ತು ಮೈಲಿ ಆಚೆಯ ಬಾವಿಯಿಂದ ತಂದ ಅಂದಾಜಾ? ಅಂದಾಜಿದ್ದರೆ, ಕೊರೆದ ಮೇಲೆ ಅಳೆದು ಸರಿಪಡಿಸುತ್ತೇವೆ ಎಂಬ ಸಾಲು ಇರಲೇಬೇಕು.

ಭೂಕಂಪದ ಅಧ್ಯಾಯದ ಮೇಲೆ ಸುಮ್ನೆ ಕಣ್ಣಾಡಿಸಿದರೆ ಸಾಕು. ಹತ್ತಿರದಲ್ಲಿ ದೊಡ್ಡ ಬಿರುಕು ಅಥವಾ ಇತ್ತೀಚೆಗೆ ನಡುಕ ಇದ್ದರೆ ಮಾತ್ರ ನಿಂತು ಓದಿ. 2016ರ ಸೆಪ್ಟೆಂಬರಿನಲ್ಲಿ ಓಕ್ಲಹೋಮಾದ ಪಾನಿಯಲ್ಲಿ 5.8ರ ಕಂಪನ ಆಯಿತಲ್ಲ, ಅದನ್ನು ತೈಲ ಹೊಲದ ಕೊಳಕು ನೀರನ್ನು ಆಳಕ್ಕೆ ತುಂಬಿದ್ದಕ್ಕೆ ಜೋಡಿಸಲಾಗಿದೆ. ಬೇರೆ ವರ್ಗದ ಬಾವಿ, ಆದರೆ ಒತ್ತಡಕ್ಕೆ ವರ್ಗ ಗೊತ್ತಾಗುವುದಿಲ್ಲ.

ಹೆಜ್ಜೆ 7: ನಿಗಾ ಇಡುವ ಬಾವಿಗೇ ನಿಗಾ ಬೇಕು

ಇಲಿನಾಯ್‌ನ ಡೆಕೇಟರ್ ಊರಿನ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿ 2011ರಿಂದ 2014ರವರೆಗೆ ಎಥನಾಲ್ ಘಟಕದ ಸುಮಾರು 10 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಮೌಂಟ್ ಸೈಮನ್ ಎಂಬ ಮರಳುಗಲ್ಲಿಗೆ ತುಂಬಿದರು. ಇಡೀ ದೇಶ ಮಾದರಿ ಎಂದು ತೋರಿಸಿದ ಜಾಗ. ಆಮೇಲೆ ಇನ್ನೊಂದು ಬಾವಿಯಿಂದಲೂ ತುಂಬುವುದು ಶುರುವಾಯಿತು. 2024ರಲ್ಲಿ ಏನಾಯಿತು? ತುಂಬುವ ಬಾವಿ ಚೆನ್ನಾಗಿಯೇ ಇತ್ತು. ಆಳದಲ್ಲಿ ಏನಾಗುತ್ತಿದೆ ಎಂದು ನೋಡಲು ಕೊರೆದ ನಿಗಾ ಬಾವಿಯೇ ತುಕ್ಕು ಹಿಡಿದು, ಸುಮಾರು 5,000 ಅಡಿ ಆಳದಲ್ಲಿ, ಹೋಗಬಾರದ ಪದರಕ್ಕೆ ದ್ರವ ಸೋರಿತ್ತು. ಇಪಿಎ ಆ ವರ್ಷದ ಆಗಸ್ಟಿನಲ್ಲಿ ನಡೆಸುವ ಕಂಪನಿ ಎಡಿಎಂಗೆ ನಿಯಮ ಉಲ್ಲಂಘನೆಯ ನೋಟಿಸ್ ಕೊಟ್ಟಿತು, ತುಂಬುವುದೂ ನಿಂತಿತು. ಕುಡಿಯುವ ನೀರಿಗೆ ತಲುಪಿದ ಸುಳಿವು ಇರಲಿಲ್ಲ. ಆದರೂ ಜನರ ನಂಬಿಕೆ ಅಲುಗಾಡಿತು. ಮರುವರ್ಷ, 2025ರಲ್ಲಿ, ಆ ಭಾಗದ ಲಕ್ಷಾಂತರ ಜನರಿಗೆ ನೀರು ಕೊಡುವ ಮಹೋಮೆಟ್ ಅಂತರ್ಜಲದ ಕೆಳಗೆ ಅನಿಲ ತುಂಬುವುದನ್ನು ಇಲಿನಾಯ್ ಕಾನೂನಿನಿಂದಲೇ ನಿಷೇಧಿಸಿತು.

ಹಾಗಾಗಿ ನಿಗಾ ಯೋಜನೆ ಓದುವಾಗ ಹೀಗೆ ಕೇಳಿ. ಮುಚ್ಚಳ ಬಂಡೆಯನ್ನು ದಾಟಿ ಹೋಗುವ ನಿಗಾ ಬಾವಿ ಎಷ್ಟು? ಅದರ ಲೋಹ ತುಂಬುವ ಬಾವಿಯಷ್ಟೇ ಒಳ್ಳೆಯದಾ? ತುಕ್ಕು ಪರೀಕ್ಷೆ ಮೂರು ತಿಂಗಳಿಗೊಮ್ಮೆ ಆಗಬೇಕು, ತುಂಬುವ ಬಾವಿಯ ಕೇಸಿಂಗ್ ಹೊರಗಿನಿಂದ ಏನೂ ಸೋರುತ್ತಿಲ್ಲ ಎನ್ನುವ ಪರೀಕ್ಷೆ ವರ್ಷಕ್ಕೊಮ್ಮೆ. ನಿಗಾ ಬಾವಿಗೂ ಅದೇ ವೇಳಾಪಟ್ಟಿ ಇದೆಯಾ, ಇಲ್ಲಾ ಅದನ್ನು ಮರೆತಿದ್ದಾರಾ? ಏನಾದರೂ ಸೋರಿದರೆ 24 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು. ನಿಮಗೆ ಯಾವಾಗ ತಿಳಿಸುತ್ತಾರೆ? ಇದಕ್ಕೆ ಉತ್ತರ ತುರ್ತು ಯೋಜನೆಯಲ್ಲಿ ಹುಡುಕಿ, ಎಷ್ಟೋ ಸಲ ಸಿಗುವುದಿಲ್ಲ.

ಹೆಜ್ಜೆ 8: ದುಡ್ಡಿನ ಪುಟ

ಹಳೇ ಬಾವಿ ಸರಿಪಡಿಸಲು, ಕೊನೆಗೆ ಬಾವಿ ಮುಚ್ಚಲು, ಆಮೇಲಿನ ವರ್ಷಗಳ ನಿಗಾಕ್ಕೆ, ತುರ್ತು ಪರಿಸ್ಥಿತಿಗೆ ಬೇಕಾದ ಹಣವನ್ನು ಕಂಪನಿ ಮೊದಲೇ ಭದ್ರ ಮಾಡಿ ತೋರಿಸಬೇಕು. ಟ್ರಸ್ಟ್ ನಿಧಿ, ಬ್ಯಾಂಕ್ ಗ್ಯಾರಂಟಿ, ಬಾಂಡ್, ವಿಮೆ ಯಾವುದಾದರೂ ಆಗಬಹುದು. ನಮ್ಮ ಹತ್ತಿರ ಆಸ್ತಿ ಇದೆ, ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಸ್ವಂತ ವಿಮೆಗೂ ಅವಕಾಶ ಇದೆ. ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಐವತ್ತು ವರ್ಷ ಬಾಳುವ ಕಂಪನಿ ಎಷ್ಟಿವೆ ಹೇಳಿ? ಅರ್ಜಿ ಹಾಕಿದ ಹೆಸರನ್ನೂ ನೋಡಿ. ದೊಡ್ಡ ಕಂಪನಿಯ ಹೆಸರು ಜಾಹೀರಾತಿನಲ್ಲಿ ಇದ್ದು, ಫೈಲಿನಲ್ಲಿ ಮೊನ್ನೆ ಹುಟ್ಟಿದ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಬೇರೆಯೇ ಕಂಪನಿ) ಇದ್ದರೆ, ಹೊಣೆ ಹೊರುವುದು ಆ ಎಲ್‌ಎಲ್‌ಸಿ.

ಇಷ್ಟೆಲ್ಲ ಕಂಪನಿಗಳು ಮುಗಿಬೀಳಲು ಕಾರಣ ತೆರಿಗೆ ರಿಯಾಯಿತಿ, 45ಕ್ಯೂ ಎಂಬ ಕಲಂ. 2022ರ ತಿದ್ದುಪಡಿಯಲ್ಲಿ ಕಾರ್ಖಾನೆಯಿಂದ ಹಿಡಿದು ಶಾಶ್ವತವಾಗಿ ಇಟ್ಟ ಪ್ರತಿ ಟನ್ನಿಗೆ 85 ಡಾಲರ್‌ವರೆಗೆ, 12 ವರ್ಷ. ಅದನ್ನು ಪಡೆಯಲು ಕಂಪನಿ ಎಷ್ಟು ತುಂಬಿತು, ಎಷ್ಟು ಸೋರಿತು ಎಂದು ಅಳೆಯುವ ಎಂಆರ್‌ವಿ ಯೋಜನೆಗೆ ಇಪಿಎ ಒಪ್ಪಿಗೆ ಪಡೆಯುತ್ತದೆ. ಆ ಯೋಜನೆ ಪರವಾನಗಿಯಿಂದ ಬೇರೆ ಕಾಗದ. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಕಿಗಳು ತಾಳೆ ಆಗುತ್ತವಾ ನೋಡುವುದು ನನಗೆ ಇಷ್ಟದ ಕೆಲಸ.

ಹೆಜ್ಜೆ 9: ಪೈಪ್‌ಲೈನ್ ಈ ಫೈಲಿನಲ್ಲಿ ಇರುವುದಿಲ್ಲ

ಜನರಿಗೆ ಪೆಟ್ಟಾಗಿರುವುದು ಬಾವಿಯಿಂದ ಅಲ್ಲ, ಪೈಪಿನಿಂದ. 2020ರ ಫೆಬ್ರವರಿ 22ರಂದು ಮಿಸಿಸಿಪಿಯ ಸಟಾರ್ಷಿಯಾ ಎಂಬ ಸಣ್ಣ ಊರಿನ ಹತ್ತಿರ ಜೋರು ಮಳೆಗೆ ಮಣ್ಣು ಕುಸಿದು ಇಂಗಾಲದ ಡೈಆಕ್ಸೈಡಿನ ಪೈಪ್ ಒಡೆಯಿತು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಮಂಜಿನ ಹಾಗೆ ಕೂರುತ್ತದೆ. ಕಾರಿನ ಎಂಜಿನ್‌ಗಳೇ ನಿಂತುಹೋದವು. ಸುಮಾರು 200 ಜನರನ್ನು ಊರಿನಿಂದ ಸಾಗಿಸಬೇಕಾಯಿತು, 45 ಜನ ಆಸ್ಪತ್ರೆಗೆ ಹೋದರು.

ಪೈಪಿನ ಸುರಕ್ಷತೆ ಕೇಂದ್ರದ ಸಾರಿಗೆ ಇಲಾಖೆಯದ್ದು, ಪೈಪಿನ ದಾರಿ ಮತ್ತು ಭೂಸ್ವಾಧೀನ ರಾಜ್ಯದ್ದು. ಸೌತ್ ಡಕೋಟ 2025ರ ಮಾರ್ಚಿನಲ್ಲಿ ಇಂಗಾಲದ ಪೈಪಿಗೆ ಬಲವಂತದ ಭೂಸ್ವಾಧೀನವನ್ನೇ ನಿಷೇಧಿಸಿತು. ಬಾವಿಯ ಹಿಯರಿಂಗ್‌ಗೆ ಹೋಗಿ ಪೈಪಿನ ಬಗ್ಗೆ ಮಾತಾಡಿದರೆ ಅದು ನಮ್ಮ ವ್ಯಾಪ್ತಿ ಅಲ್ಲ ಎಂದು ಪಕ್ಕಕ್ಕಿಡುತ್ತಾರೆ. ಸಿಟ್ಟು ಬರುತ್ತದೆ, ಆದರೆ ಕಾನೂನು ಹಾಗಿದೆ.

ಹೆಜ್ಜೆ 10: ಆಕ್ಷೇಪ ಬರೆಯುವುದು

ಕರಡು ಪರವಾನಗಿ ಹೊರಬಂದ ಮೇಲೆ ಕನಿಷ್ಠ 30 ದಿನ ಜನರ ಅಭಿಪ್ರಾಯಕ್ಕೆ ಸಮಯ ಇರುತ್ತದೆ. ಸಾವಿರಾರು ಪುಟಕ್ಕೆ ಮೂವತ್ತು ದಿನ! ಅದಕ್ಕೇ ಕರಡು ಬರುವವರೆಗೆ ಕಾಯಬೇಡಿ, ಅರ್ಜಿ ಬಂದ ದಿನದಿಂದಲೇ ಓದಲು ಶುರು ಮಾಡಿ.

ಈ ಯೋಜನೆ ನಮಗೆ ಬೇಡ ಎಂದು ಇನ್ನೂರು ಜನ ಒಂದೇ ಪತ್ರ ಕಳಿಸಿದರೆ ಅದಕ್ಕೆ ಒಂದೇ ಪ್ಯಾರಾದಲ್ಲಿ ಉತ್ತರ ಕೊಟ್ಟು ಮುಗಿಸಬಹುದು. ಬದಲಿಗೆ ಹೀಗೆ ಬರೆಯಿರಿ: ಇಷ್ಟನೇ ಪುಟದ ಪಟ್ಟಿಯಲ್ಲಿ ಇಷ್ಟನೇ ಬಾವಿ ಮುಚ್ಚಳ ಬಂಡೆಯನ್ನು ದಾಟಿದೆ, ಪ್ಲಗ್ 900 ಅಡಿಯಲ್ಲಿ ಮಾತ್ರ ಇದೆ, ಸರಿಪಡಿಸುವ ದಿನಾಂಕ ಕೊಟ್ಟಿಲ್ಲ, ತುಂಬಲು ಅನುಮತಿ ಕೊಡುವ ಮುನ್ನ ಇದನ್ನು ಮುಚ್ಚಬೇಕು ಎಂದು ಷರತ್ತು ಹಾಕಿ. ಇದಕ್ಕೆ ಇಲಾಖೆ ಉತ್ತರ ಕೊಡಲೇಬೇಕು. ಇಪಿಎ ಕೊಡುವ ಪರವಾನಗಿಯನ್ನು ಅದರ ಮೇಲ್ಮನವಿ ಮಂಡಳಿಯಲ್ಲಿ ಪ್ರಶ್ನಿಸಬೇಕಾದರೆ ಆ ವಿಷಯ ಈ ಅವಧಿಯಲ್ಲೇ ಎದ್ದಿರಬೇಕು. ರಾಜ್ಯ ಕೊಟ್ಟ ಪರವಾನಗಿಗೆ ದಾರಿ ಆ ರಾಜ್ಯದ ಕೋರ್ಟ್, ಗಡುವು ರಾಜ್ಯಕ್ಕೊಂದು.

ಪರವಾನಗಿ ಸಿಕ್ಕಿತು ಎಂದು ಫೈಲ್ ಮುಚ್ಚಬೇಡಿ. ಕಂಪನಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಒತ್ತಡ ಎಷ್ಟಿತ್ತು, ಮಿತಿ ಯಾವಾಗ ಮೀರಿತು, ಎಷ್ಟು ತುಂಬಿದರು ಎಲ್ಲ ಅದರಲ್ಲಿರುತ್ತದೆ. ಕನಿಷ್ಠ ಐದು ವರ್ಷಕ್ಕೊಮ್ಮೆ ಆ ಎರಡು ಗೆರೆಯ ನಕ್ಷೆಯನ್ನು ಹೊಸ ಅಳತೆ ಇಟ್ಟುಕೊಂಡು ಮತ್ತೆ ಪರಿಶೀಲಿಸಬೇಕು. ಹಳೇ ನಕ್ಷೆಯ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಮೇಲೆ ತಾರೀಕು ಬರೆದು. ಹೊಸದು ಬಂದ ದಿನ ಅದರ ಮೇಲಿಟ್ಟು ನೋಡಿ, ಗೆರೆ ಯಾವ ಕಡೆ ಸರಿದಿದೆ, ಅಲ್ಲಿ ಯಾವ ಬಾವಿ ಇದೆ.